ಊರಿನ ಹೆಸರೇ ತಾಳ: ಸಂಗೀತ ತರಗತಿಯಲ್ಲಿ ಬಾಡಿ ಪರ್ಕಶನ್ ಕಟ್ಟುವ ಬಗೆ

ತರಗತಿಗೆ ಕಾಲಿಟ್ಟ ಕೂಡಲೇ ಬೋರ್ಡಿನ ಮೇಲೆ ಎರಡು ಹೆಸರು ಬರೆಯಿರಿ: ದಾವಣಗೆರೆ, ಚಿತ್ರದುರ್ಗ. ಪ್ರೌಢಶಾಲೆಯ ಮಕ್ಕಳಾದರೆ ಪ್ರಸ್ತಾರ ಹಾಕಲು ಹೇಳಿ, ಅಂದರೆ ಒಂದೊಂದು ಅಕ್ಷರವೂ ಒಂದು ಮಾತ್ರೆ ಹೊತ್ತಿನ ಲಘುವೋ ಎರಡು ಮಾತ್ರೆಯ ಗುರುವೋ ಎಂದು ಗುರುತು ಹಾಕುವುದು. ದಾ ಗುರು, ವ, ಣ, ಗೆ, ರೆ ನಾಲ್ಕೂ ಲಘು. 2+1+1+1+1, ಒಟ್ಟು ಆರು ಮಾತ್ರೆ. ಚಿತ್ರದುರ್ಗದಲ್ಲಿ ಒತ್ತಕ್ಷರದ ಹಿಂದಿನ ಚಿ ಗುರು, ತ್ರ ಲಘು; ರ್ಗ ಮುಂದೆ ಬಂದಿರುವುದರಿಂದ ದು ಗುರು, ರ್ಗ ಲಘು. 2+1+2+1, ಇದೂ ಆರೇ. ಅಕ್ಕಪಕ್ಕದ ಎರಡು ಜಿಲ್ಲೆಗಳ ಹೆಸರು ಅಳತೆಯಲ್ಲಿ ಒಂದೇ, ಒಳಗಿನ ನಡೆ ಮಾತ್ರ ಬೇರೆ. ಎರಡು ಗುಂಪು ಒಟ್ಟಿಗೆ ಬಾರಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಹುಡುಕಿದರೂ ಸಿಗುವುದಿಲ್ಲ.

ಬಾಡಿ ಪರ್ಕಶನ್ ಅಂದರೆ ಮೈಯನ್ನೇ ವಾದ್ಯ ಮಾಡಿಕೊಂಡು ಚಪ್ಪಾಳೆ, ಚಿಟಿಕೆ, ತೊಡೆ, ಎದೆ, ಕಾಲುಗಳಿಂದ ಲಯ ಕಟ್ಟುವುದು. ಇಲ್ಲಿ ಸುಲಭಕ್ಕೆ ಮೈತಾಳ ಅನ್ನೋಣ. ಹಾರ್ಮೋನಿಯಂ, ತಬಲಾ ಇಲ್ಲದ ಶಾಲೆಯಲ್ಲೂ ಇದು ನಡೆಯುತ್ತದೆ ಎಂಬುದು ಅನುಕೂಲದ ಮಾತಾಯಿತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಲಯ ಎಲ್ಲಿ ತಪ್ಪಿತು ಎಂಬುದು ಮಗುವಿನ ಮೈಗೇ ತಕ್ಷಣ ಗೊತ್ತಾಗುತ್ತದೆ, ಮೇಷ್ಟ್ರು ಹೇಳಬೇಕಾಗಿಲ್ಲ.

ಸಾಮಾನ್ಯವಾಗಿ ನಡೆಯುವುದೇನೆಂದರೆ, ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ‘ಕಾಲು, ಕಾಲು, ಚಪ್ಪಾಳೆ’ ಎಂದು ಚಲನೆಗಳನ್ನೇ ಕಲಿಸುತ್ತಾರೆ. ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತೂಬಿಡುತ್ತಾರೆ, ಹದಿನೈದು ದಿನದಲ್ಲಿ ಮರೆತೂಬಿಡುತ್ತಾರೆ. ಯಾವುದಾದ ಮೇಲೆ ಯಾವುದು ಎಂಬ ಸಾಲು ಕೈಗೆ ನೆನಪಿರುತ್ತದೆ. ಎಷ್ಟು ಹೊತ್ತಿನ ಮೇಲೆ ಎಂಬುದು ನೆನಪಿರುವುದಿಲ್ಲ. ಆ ಹೊತ್ತಿನ ಅಳತೆಯನ್ನು ಹಿಡಿದಿಡುವುದು ನಾಲಿಗೆ. ಆದ್ದರಿಂದ ಬಾಯಿಗೆ ಬಾರದ್ದನ್ನು ಕೈಗೆ ಕೊಡಬೇಡಿ. ಮೃದಂಗ ಕಲಿಯುವವರು ತಕಿಟ, ತಕಧಿಮಿ ಎಂದು ಬಾಯಲ್ಲಿ ಹೇಳಿಕೊಂಡೇ ಕೈಯಿಡುವುದು. ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ (1895–1982) ಮಕ್ಕಳಿಗಾಗಿ ರೂಪಿಸಿದ ಪದ್ಧತಿಯಲ್ಲೂ ಮಾತಿಗೆ, ಚಪ್ಪಾಳೆ-ಚಿಟಿಕೆಗಳಿಗೆ ಇಂಥದೇ ಜಾಗವಿದೆ. ಅವರು ತಮ್ಮ ಭಾಷೆಯ ಪದಗಳಿಂದ ಹೊರಟರು. ನಮಗೆ ನಮ್ಮ ತಾಲೂಕುಗಳಿವೆ.

ಮೊದಲು ಸದ್ದುಗಳನ್ನು ಹದ ಮಾಡಿಕೊಳ್ಳಿ

ಮೊದಲ ಪೀರಿಯಡ್ ಪೂರ್ತಿ ಸದ್ದಿಗೇ ಹೋಗಲಿ. ಐದು ಸದ್ದು ಸಾಕು. ಕೆಳಗಿನಿಂದ ಮೇಲಕ್ಕೆ ಹೋದಂತೆ ಸದ್ದು ತೆಳುವಾಗುತ್ತದೆ: ಕಾಲು ಎಲ್ಲಕ್ಕಿಂತ ಗಡುಸು, ಚಿಟಿಕೆ ಎಲ್ಲಕ್ಕಿಂತ ಸಣ್ಣದು.

ಕಾಲು: ಇಡೀ ಅಂಗಾಲು ಒಮ್ಮೆಗೇ ನೆಲ ಮುಟ್ಟಬೇಕು, ಮಂಡಿ ಸಡಿಲವಾಗಿರಬೇಕು. ಹಿಮ್ಮಡಿ ಮಾತ್ರ ಕುಟ್ಟಿದರೆ ಸಂಜೆಗೆ ಕಾಲು ನೋಯುತ್ತದೆ. ಪಾದವನ್ನು ಮೂರು-ನಾಲ್ಕು ಇಂಚು ಎತ್ತಿದರೆ ಸಾಕು. ಪೆರೇಡಿನ ಅಭ್ಯಾಸವಿರುವ ಮಕ್ಕಳು ಮಂಡಿ ಸೊಂಟದವರೆಗೆ ಎತ್ತುತ್ತಾರೆ; ಅಷ್ಟು ದೂರದಿಂದ ಇಳಿದು ಬರುವ ಪಾದ ಯಾವಾಗಲೂ ತಡವಾಗಿಯೇ ಬೀಳುತ್ತದೆ. ‘ಕಾಲು ಎತ್ತುವುದು ಹಿಂದಿನ ಮಾತ್ರೆಯಲ್ಲಿ, ಇಡುವುದು ಈ ಮಾತ್ರೆಯಲ್ಲಿ’ ಎಂದು ಬಿಡಿಸಿ ಹೇಳಿ. ಒಂದು ಆವರ್ತಕ್ಕೆ (ಲಯದ ಒಂದು ಪೂರ್ತಿ ಸುತ್ತಿಗೆ) ಬಲಗಾಲು, ಮುಂದಿನದಕ್ಕೆ ಎಡಗಾಲು.

ತೊಡೆ: ಮಂಡಿಯ ಮೂಳೆಯ ಮೇಲಲ್ಲ, ತೊಡೆಯ ನಡುವಿನ ಮಾಂಸದ ಮೇಲೆ. ಬೆರಳು ಸಡಿಲ, ಪೆಟ್ಟು ಕೊಟ್ಟ ಕೂಡಲೇ ಅಂಗೈ ಮೇಲೇಳಬೇಕು. ಅಂಗೈ ಅಲ್ಲೇ ಅಂಟಿಕೊಂಡರೆ ಸದ್ದು ಸತ್ತುಹೋಗುತ್ತದೆ. ನೆರಿಗೆ ಲಂಗ ತೊಟ್ಟ ಹುಡುಗಿಯರ ತೊಡೆ ಪೆಟ್ಟು ಬಟ್ಟೆಯಲ್ಲೇ ಮುಚ್ಚಿಹೋಗುತ್ತದೆ. ಅವರು ಕೈಯನ್ನು ತೊಡೆಯ ಹೊರಮಗ್ಗುಲಿಗೆ ಸರಿಸಿಕೊಳ್ಳಲಿ.

ಎದೆ: ಕತ್ತಿನ ಕೆಳಗಿನ ಅಡ್ಡಮೂಳೆಯಿಂದ ಎರಡು ಇಂಚು ಕೆಳಗೆ, ಒಂದು ಮಗ್ಗುಲಿಗೆ, ಅಂಗೈಯನ್ನು ಸ್ವಲ್ಪ ಗುಳಿ ಮಾಡಿ. ನಡುಮೂಳೆಯ ಮೇಲೆ ಮುಷ್ಟಿಯಿಂದ ಗುದ್ದಲು ಬಿಡಬೇಡಿ. ಬಾರಿಸುತ್ತಲೇ ‘ಆ…’ ಅನ್ನಿಸಿ: ಸ್ವರ ನಡುಗಿದರೆ ಕೈ ಸರಿಯಾದ ಜಾಗದಲ್ಲಿದೆ. ಎಂಟನೇ ತರಗತಿಯಿಂದಾಚೆಗೆ ಹುಡುಗಿಯರಿಗೆ ಇದು ಮುಜುಗರ. ಕೇಳುವುದಕ್ಕೂ ಹೋಗದೆ, ಎಲ್ಲರಿಗೂ ಸೇರಿ ‘ಎದೆ ಅಥವಾ ಎದುರು ಭುಜ’ ಎಂದು ಮೊದಲೇ ಹೇಳಿಬಿಡಿ. ಯಾರು ಯಾವುದು ಆರಿಸಿದರೂ ತಾಳ ಕೆಡುವುದಿಲ್ಲ.

ಚಪ್ಪಾಳೆಯಲ್ಲಿ ಎರಡು ಬಗೆ ಕಲಿಸಿ. ಬಲಗೈಯ ನಾಲ್ಕು ಬೆರಳು ಎಡ ಅಂಗೈಯ ಮೇಲೆ ಬಿದ್ದರೆ ಚುರುಕಾದ ಸದ್ದು. ಎರಡೂ ಕೈ ಬೊಗಸೆಯಂತೆ ಗುಳಿ ಮಾಡಿ ಅಡ್ಡಡ್ಡ ಕೂಡಿಸಿದರೆ ಒಳಗಿನ ಗಾಳಿ ಸಿಕ್ಕಿಕೊಂಡು ಗುಮ್ಮೆನ್ನುವ ಸದ್ದು. ಎರಡು ಬಯಲು ಅಂಗೈಗಳನ್ನು ಪಟಾರನೆ ಹೊಡೆಯುವುದು ಸಭೆಯ ಚಪ್ಪಾಳೆ, ಅದು ಬೇಡ. ಅಂಗೈ ಕೆಂಪಾಗುತ್ತದೆ, ಸದ್ದೂ ಹರಡಿಹೋಗುತ್ತದೆ.

ಚಿಟಿಕೆಯ ಸದ್ದು ಬೆರಳುಗಳ ತಿಕ್ಕಾಟದಿಂದ ಬರುತ್ತದೆ ಎಂದೇ ಎಲ್ಲರೂ ತಿಳಿಯುವುದು. ನಿಜವಾಗಿ ನಡುಬೆರಳು ಜಾರಿ ಬಂದು ಹೆಬ್ಬೆರಳ ಬುಡದ ಮಾಂಸಕ್ಕೆ ಬಡಿಯುವ ಸದ್ದು ಅದು. ಆ ಜಾಗದಲ್ಲಿ ಕರವಸ್ತ್ರ ಇಟ್ಟು ಹೊಡೆದು ನೋಡಿ, ಸದ್ದೇ ಬರುವುದಿಲ್ಲ. ಉಂಗುರ ಬೆರಳನ್ನು ಮಡಿಚಿ ಅಲ್ಲಿ ಒಂದು ಸಣ್ಣ ಗೂಡು ಮಾಡಿಕೊಳ್ಳುವುದು ಗುಟ್ಟು. ಬೇಸಿಗೆಯಲ್ಲಿ ಬೆವರಿದ ಬೆರಳಿಗೆ ಹಿಡಿತ ಸಿಗದು, ಒರೆಸಿಕೊಂಡು ಹೊಡೆಯಲಿ. ಒಂದರಿಂದ ಮೂರನೇ ತರಗತಿಯ ಬಹುತೇಕ ಮಕ್ಕಳಿಗೆ ಚಿಟಿಕೆ ಬರುವುದಿಲ್ಲ. ಅವರು ಎರಡು ಬೆರಳಿನಿಂದ ಅಂಗೈ ತಟ್ಟಲಿ.

ಹೊಟ್ಟೆಯನ್ನು ಬಿಟ್ಟುಬಿಡಿ. ಬಿಸಿಯೂಟದ ನಂತರದ ಪೀರಿಯಡ್ ಆದರೆ ಜಿಗಿತವೂ ಬೇಡ. 40 ನಿಮಿಷದ ಪೀರಿಯಡ್‌ನಲ್ಲಿ ನಿಜವಾಗಿ ಬಾರಿಸುವುದು ಒಟ್ಟು 15 ನಿಮಿಷ ಮೀರದಿರಲಿ, ಅದೂ ಮೂರು-ನಾಲ್ಕು ನಿಮಿಷದ ತುಂಡುಗಳಲ್ಲಿ. ಉಳಿದ ಹೊತ್ತು ಹೇಳುವುದು, ಬರೆಯುವುದು, ಇನ್ನೊಂದು ಗುಂಪನ್ನು ಕೇಳುವುದು.

ನೆಲವನ್ನೂ ನೋಡಿಕೊಳ್ಳಿ. ಕಡಪ ಕಲ್ಲಿನ ವರಾಂಡದಲ್ಲಿ ಶೂ ಹಾಕಿದ ಕಾಲಿಗೆ ಒಳ್ಳೆಯ ಸದ್ದಿದೆ. ಬರಿಗಾಲಲ್ಲಿ ಸದ್ದೂ ಇಲ್ಲ, ನೋವು ಬೇರೆ. ಮಣ್ಣಿನ ಮೈದಾನ ಕಾಲಿನ ಸದ್ದನ್ನು ನುಂಗಿಬಿಡುತ್ತದೆ, ಅಲ್ಲಿ ಕಾಲಿನ ಬದಲು ಬೊಗಸೆ ಚಪ್ಪಾಳೆ ಇಟ್ಟುಕೊಳ್ಳಿ. ಮಹಡಿಯ ಕೋಣೆಯಾದರೆ ಕೆಳಗಿನ ತರಗತಿಯವರಿಗೆ ಪಾಠ ನಡೆಯುವುದಿಲ್ಲ. ತಗಡಿನ ಶೀಟು ಹೊದಿಸಿದ ಹಾಲ್‌ನಲ್ಲಿ ಚಪ್ಪಾಳೆಯ ಮರುದನಿ ಬಂದು ಮುಂದಿನ ಮಾತ್ರೆಯ ಮೇಲೆ ಬೀಳುತ್ತದೆ. ಅಲ್ಲಿ ತೊಡೆಯನ್ನೇ ಹೆಚ್ಚು ಬಳಸುವುದು ವಾಸಿ.

ಹೆಸರುಗಳ ಲೆಕ್ಕ

ಈಗ ಎರಡೂ ಜಿಲ್ಲೆಗಳ ತಾಲೂಕುಗಳನ್ನು ಮಾತ್ರೆಯ ಪ್ರಕಾರ ವಿಂಗಡಿಸಿ. ಮಕ್ಕಳೇ ಮಾಡಲಿ. ಗುರುವಿಗೆ —, ಲಘುವಿಗೆ ∪ ಗುರುತು.

ನಾಲ್ಕು ಮಾತ್ರೆ: ಹರಿಹರ (∪∪∪∪), ನ್ಯಾಮತಿ (—∪∪).
ಐದು ಮಾತ್ರೆ: ಚಳ್ಳಕೆರೆ, ಚನ್ನಗಿರಿ (—∪∪∪), ಹಿರಿಯೂರು, ಜಗಳೂರು, ಹೊಸದುರ್ಗ (∪∪—∪), ಹೊಳಲ್ಕೆರೆ (∪—∪∪), ಹೊನ್ನಾಳಿ (——∪).
ಆರು ಮಾತ್ರೆ: ದಾವಣಗೆರೆ (—∪∪∪∪), ಚಿತ್ರದುರ್ಗ (—∪—∪).
ಏಳು ಮಾತ್ರೆ: ಮೊಳಕಾಲ್ಮೂರು (∪∪——∪).

ಮೊಳಕಾಲ್ಮೂರಿನಲ್ಲಿ ಒಂದು ತಕರಾರು ಬಂದೇ ಬರುತ್ತದೆ. ಮೊಳಕಾಲ್ಮುರು ಎಂದು ಹ್ರಸ್ವವಾಗಿ ಬರೆಯುವವರೂ ಇದ್ದಾರೆ, ಹಾಗೆ ಬರೆದರೆ ಆರೇ ಮಾತ್ರೆ. ಎರಡನ್ನೂ ಹೇಳಿಸಿ, ವ್ಯತ್ಯಾಸ ಕೇಳಿಸಿ, ಒಂದನ್ನು ಗೊತ್ತುಮಾಡಿ ಬೋರ್ಡಿನಲ್ಲಿ ಬರೆದಿಡಿ. ಇದು ಮಕ್ಕಳಿಗೆ ದೀರ್ಘದ ಬೆಲೆ ತಿಳಿಯುವ ಗಳಿಗೆ, ಅವಸರ ಮಾಡಬೇಡಿ.

ಐದು ಮಾತ್ರೆಗೆ ಲಘು-ಗುರುಗಳ ಜೋಡಣೆ ಒಟ್ಟು ಎಂಟು ಬಗೆ. ತಾಲೂಕಿನ ಹೆಸರುಗಳಲ್ಲೇ ನಾಲ್ಕು ಸಿಕ್ಕವು. ಉಳಿದದ್ದು ∪∪∪∪∪, ∪∪∪—, —∪—, ∪——. ಇವಕ್ಕೆ ಪದ ಹುಡುಕುವುದು ಮನೆಗೆಲಸ. ಮೊದಲನೆಯದಕ್ಕೆ ‘ಹುಣಿಸೆಮರ’ ಕೂರುತ್ತದೆ ಎಂದು ಒಂದನ್ನು ಬಿಟ್ಟುಕೊಡಿ, ಉಳಿದ ಮೂರು ಅವರೇ ತರುತ್ತಾರೆ.

ಚಿಕ್ಕ ಮಕ್ಕಳಿಗೆ ಪ್ರಸ್ತಾರ ಬೇಕಿಲ್ಲ. ನಮ್ಮ ಕಡೆ ಚಿತ್ರದುರ್ಗವನ್ನು ಬರೀ ‘ದುರ್ಗ’ ಅನ್ನುತ್ತೇವಲ್ಲ, ‘ದುರ್ಗ ದುರ್ಗ’ ಎಂದು ಎರಡು ಸಲ ಹೇಳಿದರೆ ಅದೇ —∪—∪ ಆಯಿತು. ‘ಬೆಣ್ಣೆದೋಸೆ’ ಕೂಡ ಅದೇ ನಡೆ. ಬಾಯಿ ಮುಚ್ಚಿ ಬಾರಿಸಿ ‘ಇದು ಚಿತ್ರದುರ್ಗವೋ ಬೆಣ್ಣೆದೋಸೆಯೋ?’ ಎಂದು ಕೇಳಿ. ಸ್ವಲ್ಪ ಹೊತ್ತು ಜಗಳವಾಗಿ, ಎರಡೂ ಒಂದೇ ಎಂದು ಯಾರೋ ಒಬ್ಬರು ಕಂಡುಹಿಡಿಯುತ್ತಾರೆ.

ಮನೆ ಗೀಚಿ ಬರೆಯುವುದು

ಒಂದು ಮಾತ್ರೆಗೆ ಒಂದು ಮನೆ. ಕುಂಟೆಬಿಲ್ಲೆಗೆ ಗೀಚಿದಂತೆ ಆರು ಮನೆ ಸಾಲಾಗಿ ಗೀಚಿ. ಗುರುವಿಗೆ ಎರಡು ಮನೆ: ಮೊದಲನೆಯದರಲ್ಲಿ ಪೆಟ್ಟು, ಎರಡನೆಯದರಲ್ಲಿ ಹುಸಿ, ಅಂದರೆ ಸದ್ದಿಲ್ಲದ ಮಾತ್ರೆ. ಹುಸಿಗೆ ಅಡ್ಡಗೀಟು ಹಾಕಿ, ಮನೆಯನ್ನು ಖಾಲಿ ಬಿಡಬೇಡಿ. ಖಾಲಿ ಮನೆಯನ್ನು ಮಕ್ಕಳು ಇಲ್ಲವೆಂದೇ ಓದುತ್ತಾರೆ.

ಚಿತ್ರದುರ್ಗ: | ಕಾಲು | – | ಚಪ್ಪಾಳೆ | ತೊಡೆ | – | ಚಪ್ಪಾಳೆ |
ದಾವಣಗೆರೆ: | ಕಾಲು | – | ತೊಡೆ | ತೊಡೆ | ಚಪ್ಪಾಳೆ | ಚಪ್ಪಾಳೆ |

ಯಾವ ಅಕ್ಷರಕ್ಕೆ ಯಾವ ಸದ್ದು ಎಂಬುದಕ್ಕೆ ಕಟ್ಟುನಿಟ್ಟು ಇಲ್ಲ, ಆದರೆ ಗುರುವಿಗೆ ಗಡುಸು ಸದ್ದು, ಲಘುವಿಗೆ ತೆಳು ಸದ್ದು ಕೊಟ್ಟರೆ ಕಿವಿಗೆ ಹೆಸರು ಗುರುತು ಸಿಗುತ್ತದೆ. ಒಂದು ಹೆಸರಿನಲ್ಲಿ ಮೂರಕ್ಕಿಂತ ಹೆಚ್ಚು ಸದ್ದು ಬೇಡ. ತೊಡೆಯಿಂದ ಚಪ್ಪಾಳೆಗೆ ಕೈ ಅರ್ಧ ಅಡಿ ಹೋದರೆ ಸಾಕು. ತೊಡೆಯಿಂದ ಕಿವಿ ಪಕ್ಕದ ಚಿಟಿಕೆಗೆ ಎರಡಡಿ. ಪಕ್ಕಪಕ್ಕದ ಮನೆಗಳಲ್ಲಿ ಅಷ್ಟು ದೂರದ ಜಿಗಿತ ಕೊಟ್ಟರೆ ಎಷ್ಟೇ ಅಭ್ಯಾಸ ಮಾಡಿದರೂ ಕೈ ತಡವಾಗುತ್ತದೆ. ತಪ್ಪು ಮಗುವಿನದಲ್ಲ, ಬರೆದವರದು. ತೊಡೆಯ ಎರಡು ಲಘು ಒಟ್ಟಿಗೆ ಬಂದಾಗ ಬಲ, ಎಡ ಎಂದು ಕೈ ಬದಲಿಸಲಿ. ನೀವು ಮಕ್ಕಳಿಗೆ ಎದುರಾಗಿ ನಿಂತಿದ್ದರೆ ನಿಮ್ಮ ಎಡಗೈ ಅವರಿಗೆ ಬಲಗೈಯಾಗಿ ಕಾಣುತ್ತದೆ ಎಂಬುದು ನೆನಪಿರಲಿ. ಮೊದಲ ವಾರ ಬೆನ್ನು ತಿರುಗಿಸಿ ನಿಂತು ತೋರಿಸುವುದೇ ಒಳ್ಳೆಯದು.

ಕಲಿಸುವ ಕ್ರಮ ಹೀಗಿರಲಿ. ಹೆಸರನ್ನು ಸಮ ಲಯದಲ್ಲಿ ಎಂಟು ಸಲ ಹೇಳಿಸಿ. ಹೇಳುತ್ತಲೇ ಒಂದೇ ಸದ್ದಿನಲ್ಲಿ, ಬರೀ ತೊಡೆಯಲ್ಲಿ, ಎಂಟು ಸಲ. ಆಮೇಲೆ ಹೇಳುತ್ತಲೇ ಬರೆದ ಸದ್ದುಗಳಲ್ಲಿ. ಆಮೇಲೆ ಪಿಸುಮಾತಿನಲ್ಲಿ ಹೇಳುತ್ತ. ಕೊನೆಗೆ ತುಟಿ ಮುಚ್ಚಿ, ಮನಸ್ಸಿನಲ್ಲಿ ಹೇಳಿಕೊಳ್ಳುತ್ತ. ಯಾವ ಮೆಟ್ಟಿಲಲ್ಲಿ ಜಾರಿದರೂ ಒಂದು ಮೆಟ್ಟಿಲು ಕೆಳಗಿಳಿಯಿರಿ, ಮೊದಲಿನಿಂದ ಶುರು ಮಾಡಬೇಡಿ.

ಲಯ ಎಣಿಸುವ ಯಂತ್ರ ಮೆಟ್ರೊನೋಮ್ ಬೇಕಿಲ್ಲ, ಗೋಡೆ ಗಡಿಯಾರ ಸಾಕು. ನಿಮಿಷಕ್ಕೆ ‘ದಾವಣಗೆರೆ’ 15 ಸಲ ಬಂದರೆ ಕಲಿಯುವ ವೇಗ. 20 ಸಲ ಬಂದರೆ ಸೆಕೆಂಡಿಗೆ ಎರಡು ಮಾತ್ರೆ, ಪ್ರದರ್ಶನಕ್ಕೆ ಹದವಾದ ವೇಗ. 30 ಸಲ ದಾಟಿಸಬೇಡಿ, ಕಾಲು ಹಿಂದೆ ಬೀಳುತ್ತದೆ. 15ಕ್ಕಿಂತ ನಿಧಾನ ಮಾಡಿದರೆ ಸುಲಭವಾಗುತ್ತದೆ ಅನ್ನಿಸಬಹುದು, ಆಗುವುದಿಲ್ಲ: ಹುಸಿ ಅಷ್ಟು ಉದ್ದವಾದಾಗ ಮಕ್ಕಳ ಗಮನ ಕಿಟಕಿಯಾಚೆ ಹೋಗುತ್ತದೆ.

ತಾಳ ಹಾಕುವ ಅಭ್ಯಾಸವಿರುವ ಮಕ್ಕಳಿದ್ದರೆ ಒಬ್ಬರು ತಿಶ್ರ ಲಘು (ತಾಳದಲ್ಲಿ ಮೂರೆಣಿಕೆಯ ಅಂಗ, ಪ್ರಸ್ತಾರದ ಲಘುವಲ್ಲ) ಹಾಕುತ್ತಿರಲಿ: ಒಂದು ಪೆಟ್ಟು, ಎರಡು ಬೆರಳೆಣಿಕೆ, ಮತ್ತೆ ಅದೇ. ಆರು ಎಣಿಕೆ ಎಂದ ಕೂಡಲೇ ಸಂಗೀತ ಬಲ್ಲವರ ಕೈ 2+4ರ ರೂಪಕ ತಾಳಕ್ಕೆ ಹೋಗುತ್ತದೆ. ದಾ, ವಣಗೆರೆ ಎಂದು ಅದು ಸೊಗಸಾಗಿ ಕೂರುತ್ತದೆ ಕೂಡ. ಚಿತ್ರದುರ್ಗಕ್ಕೆ ಮಾತ್ರ 3+3 ಸಹಜ. ರೂಪಕದಲ್ಲಿ ಅದರ ‘ದು’ ಬೆರಳೆಣಿಕೆಯ ಮೇಲೆ ಬಿದ್ದು ತೂಕ ಕಳೆದುಕೊಳ್ಳುತ್ತದೆ. ಎರಡೂ ಹೆಸರು ಸೇರುವ ಕಡೆ 3+3ರಲ್ಲೇ ಇರಿ.

ಹುಸಿ ನುಂಗುವ ರೋಗ

ನೂರಕ್ಕೆ ತೊಂಬತ್ತು ತಪ್ಪು ಹುಸಿಯಲ್ಲೇ ಹುಟ್ಟುತ್ತದೆ ಎಂದರೆ ಹೆಚ್ಚು ಹೇಳಿದಂತಾಗದು. ಮಕ್ಕಳಿಗೆ ಪೆಟ್ಟು ಕಾಣಿಸುತ್ತದೆ, ಹುಸಿ ಕಾಣಿಸುವುದಿಲ್ಲ. ‘ಚಿ’ ಆದ ಮೇಲೆ ಒಂದು ಮಾತ್ರೆ ಕಾಯಬೇಕಾದಲ್ಲಿ ಅರ್ಧ ಕಾದು ‘ತ್ರ’ಕ್ಕೆ ಹಾರುತ್ತಾರೆ. ಒಂದು ಆವರ್ತದಲ್ಲಿ ಎರಡು ಹುಸಿ. ಎರಡರಲ್ಲೂ ಚೂರುಚೂರು ನುಂಗಿದರೆ ಆರು ಮಾತ್ರೆಯ ಹೆಸರು ಐದಕ್ಕೆ ಇಳಿಯುತ್ತದೆ. ‘ಮಕ್ಕಳು ಓಡುತ್ತಾರೆ’ ಎಂದು ನಾವು ದೂರುವುದರ ಒಳಗಿನ ಸಂಗತಿ ಬಹಳ ಸಲ ಇದೇ. ಅವರು ಪೆಟ್ಟುಗಳನ್ನು ಬೇಗ ಹೊಡೆಯುತ್ತಿಲ್ಲ, ಹುಸಿಗಳನ್ನು ತಿನ್ನುತ್ತಿದ್ದಾರೆ. ಹಾಗಾಗಿ ‘ನಿಧಾನ, ನಿಧಾನ’ ಎಂದು ಕೂಗಿ ಪ್ರಯೋಜನವಿಲ್ಲ.

ಮದ್ದು: ಹುಸಿಗೂ ಮೈಯಲ್ಲಿ ಒಂದು ಕೆಲಸ ಕೊಡಿ. ತಾಳ ಹಾಕುವಾಗ ಪೆಟ್ಟಿನ ನಂತರ ಅಂಗೈಯನ್ನು ಮೇಲ್ಮುಖವಾಗಿ ತಿರುವಿ ಬೀಸುತ್ತೇವಲ್ಲ, ಅದೇ. ಕಾಲಿನ ಪೆಟ್ಟಾದ ಮೇಲಿನ ಮಾತ್ರೆಯಲ್ಲಿ ಎರಡೂ ಅಂಗೈಯನ್ನು ಸದ್ದಿಲ್ಲದೆ ಹೊರಕ್ಕೆ ಬಿಚ್ಚಬೇಕು. ಬಿಚ್ಚಿದ ಅಂಗೈ ಮರಳಿ ಬರಲು ಹೊತ್ತು ಬೇಕು, ಆ ಹೊತ್ತೇ ಹುಸಿಯನ್ನು ಕಾಯುತ್ತದೆ. ಬಾಯಲ್ಲಿ ದೀರ್ಘ ಎಳೆಯುವುದೂ ನೆರವಿಗೆ ಬರುತ್ತದೆ, ಆದರೆ ‘ಚಿತ್ರ’ದ ಚಿಯನ್ನು ಚೀ ಎಂದು ಎಳೆಸಬೇಡಿ, ಮಾತು ಕೆಡುತ್ತದೆ. ತಕಾರದ ಒತ್ತಿನಲ್ಲಿ ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿಯಲಿ: ಚಿತ್…ತ್ರ. ಆ ಒತ್ತಿನ ಮೌನವೇ ಎರಡನೇ ಮಾತ್ರೆ.

ಇನ್ನೊಂದು ಕಾರಣ ನಮ್ಮ ಆಡುಮಾತು. ನಾವು ‘ದಾವಣ್ಗೆರೆ’ ಅನ್ನುವುದೇ ಹೆಚ್ಚು. ಪ್ರಸ್ತಾರ ಹಾಕಿ: ದಾ ಗುರು, ಣ್ಗೆ ಮುಂದಿರುವುದರಿಂದ ವ ಗುರು, ಗೆ-ರೆ ಲಘು. 2+2+1+1, ಒಟ್ಟು ಆರೇ ಉಳಿಯಿತು, ಆದರೆ ನಾಲ್ಕನೇ ಮನೆಯ ‘ಣ’ ಮಾಯ. ಗುಂಪು ಲಯದಲ್ಲೇ ಇದೆ, ಆದರೂ ನಾಲ್ಕನೇ ಮನೆಯ ತೊಡೆ ಪೆಟ್ಟು ಮಾತ್ರ ತೆಳ್ಳಗಾಗಿದೆ ಅನ್ನಿಸಿದರೆ, ಅರ್ಧದಷ್ಟು ಮಕ್ಕಳು ಮನಸ್ಸಿನಲ್ಲಿ ದಾವಣ್ಗೆರೆ ಅನ್ನುತ್ತಿದ್ದಾರೆ ಎಂದು ತಿಳಿಯಿರಿ. ಮತ್ತೆ ಬಾಯಿ ತೆರೆಸಿ ‘ಣ’ ಬಿಡಿಸಿ ಹೇಳಿಸಿದರೆ ಎರಡೇ ನಿಮಿಷದಲ್ಲಿ ಸರಿಹೋಗುತ್ತದೆ.

ನಿಜವಾಗಿಯೇ ವೇಗ ಏರುವುದೂ ಉಂಟು. ಅದು ಜೋರಿನ ಜೊತೆ ಬರುತ್ತದೆ. ಎಲ್ಲರೂ ಜೋರಾಗಿ ಬಾರಿಸಿದಾಗ ಹುರುಪು ಹತ್ತಿ 20ರ ಜಾಗದಲ್ಲಿ 24 ಬರುತ್ತದೆ. ಪಕ್ಕದವರ ಉಸಿರು ಕೇಳುವಷ್ಟು ಮೆತ್ತಗೆ ಬಾರಿಸಲು ಹೇಳಿ, ವೇಗ ತಾನೇ ಇಳಿಯುತ್ತದೆ. ಹಿಂದಿನ ಸಾಲು ಸದಾ ಒಂದು ಕೂದಲೆಳೆ ಹಿಂದಿದ್ದರೆ, ಅವರು ಕಿವಿಯಿಂದಲ್ಲ ಕಣ್ಣಿನಿಂದ ಬಾರಿಸುತ್ತಿದ್ದಾರೆ: ಮುಂದಿನವರ ಕೈ ನೋಡಿ, ಆಮೇಲೆ ತಮ್ಮ ಕೈ ಎತ್ತುತ್ತಿದ್ದಾರೆ. ಕಣ್ಣು ಮುಚ್ಚಿಸಿ ನಾಲ್ಕು ಆವರ್ತ ಮಾಡಿಸಿ.

ಗುಂಪುಗಳನ್ನು ಕೂಡಿಸುವುದು

ಎರಡು ಹೆಸರನ್ನು ಒಂದರ ಕೆಳಗೊಂದು ಬರೆದು ಮನೆಮನೆಯಾಗಿ ನೋಡಿ. ಒಂದನೇ ಮನೆಯಲ್ಲಿ ಇಬ್ಬರೂ ಕಾಲು, ಸಮ (ಆವರ್ತ ಶುರುವಾಗುವ ಮನೆ) ಗಟ್ಟಿಯಾಗಿದೆ. ಐದನೇ ಮನೆಯಲ್ಲಿ ಚಿತ್ರದುರ್ಗಕ್ಕೆ ಹುಸಿ, ಅಲ್ಲಿ ದಾವಣಗೆರೆಯ ಚಪ್ಪಾಳೆ ತುಂಬುತ್ತದೆ. ಎರಡನೇ ಮನೆ ಇಬ್ಬರಿಗೂ ಹುಸಿ. ಅಲ್ಲಿಗೆ ಮೂರನೇ ಗುಂಪು:

ಮೂರನೇ ಗುಂಪು: | – | ಚಿಟಿಕೆ | – | – | ಚಿಟಿಕೆ | – |

ಚಿತ್ರದುರ್ಗ ಬಿಟ್ಟ ಎರಡು ಹುಸಿಗಳ ಮೇಲೇ ಈ ಚಿಟಿಕೆ ಬೀಳುತ್ತದೆ. ಮೂವರೂ ಸೇರಿದರೆ ಆರಕ್ಕೆ ಆರು ಮನೆಯೂ ತುಂಬಿತು. 40 ಮಕ್ಕಳಿದ್ದರೆ ಮೊದಲ ಎರಡು ಗುಂಪಿಗೆ 12-12, ಚಿಟಿಕೆಗೆ 16. ಸಣ್ಣ ಸದ್ದಿಗೆ ಹೆಚ್ಚು ಕೈ ಬೇಕು. ಚಿಟಿಕೆಯವರು ಸಮದ ಮೇಲೆ ಏನನ್ನೂ ಬಾರಿಸದ ಕಾರಣ ಬೇಗ ದಾರಿ ತಪ್ಪುತ್ತಾರೆ. ಅವರು ಒಂದನೇ ಮನೆಯಲ್ಲಿ ತಲೆಯನ್ನೊಮ್ಮೆ ಆಡಿಸಲಿ.

ಕೂಡಿಸುವಾಗ ಒಂದು ಗುಂಪು ನಾಲ್ಕು ಆವರ್ತ ನೆಲೆಗೊಂಡ ಮೇಲೆ ಇನ್ನೊಂದು ಬರಬೇಕು. ಒಟ್ಟಿಗೆ ಶುರು ಮಾಡಿಸಿದರೆ ಎರಡೂ ಅಲ್ಲಾಡುತ್ತವೆ.

ಕಿವಿ ಕೇಳದ ಮಗುವಿದ್ದರೆ ಕಾಲಿನ ಪೆಟ್ಟು ಜೋರಾಗಿರುವ ಕಡೆ, ಮರದ ಬೆಂಚಿನ ಮೇಲೆ ಕೂರಿಸಿ ಪಕ್ಕದವರನ್ನು ಅದೇ ಬೆಂಚು ತಟ್ಟಲು ಹೇಳಿ; ಅದುರುವಿಕೆ ಮೈಗೆ ತಲುಪುತ್ತದೆ. ಗಾಲಿಕುರ್ಚಿಯಲ್ಲಿರುವ ಮಗು ಕಾಲಿನ ಪೆಟ್ಟನ್ನು ಕುರ್ಚಿಯ ಕೈಗೆ ಕೊಡಲಿ.

ಮುಂದಿನ ಮೆಟ್ಟಿಲು ಹರಿಹರ: ಎದೆ, ತೊಡೆ, ತೊಡೆ, ತೊಡೆ. ನಾಲ್ಕು ಮಾತ್ರೆಯ ಹರಿಹರ ಮೂರು ಸಲ, ಆರು ಮಾತ್ರೆಯ ಚಿತ್ರದುರ್ಗ ಎರಡು ಸಲ, ಎರಡಕ್ಕೂ 12 ಮನೆ. ಕಾಲು ಬೀಳುವುದು 1 ಮತ್ತು 7ರಲ್ಲಿ, ಎದೆ ಬೀಳುವುದು 1, 5, 9ರಲ್ಲಿ. ಸೇರುವುದು ಒಂದರಲ್ಲಿ ಮಾತ್ರ. ಇಲ್ಲಿ ಮಕ್ಕಳು ಪಕ್ಕದ ಗುಂಪನ್ನು ಕೇಳಿಸಿಕೊಂಡರೆ ಜಾರುತ್ತಾರೆ, ಕೇಳಿಸಿಕೊಳ್ಳದಿದ್ದರೆ ವೇಗ ಬೇರೆಯಾಗುತ್ತದೆ. ತಮ್ಮ ಹೆಸರನ್ನು ಪಿಸುಗುಟ್ಟುತ್ತಲೇ ಇರುವುದೊಂದೇ ದಾರಿ. ಐದನೇ ತರಗತಿಗಿಂತ ಕೆಳಗೆ ಇದನ್ನು ಮಾಡಿಸಬೇಡಿ. ಒಂಬತ್ತನೆಯವರಿಗೆ ಇನ್ನೂ ಹಸಿವಿದ್ದರೆ ಚಳ್ಳಕೆರೆಯನ್ನು ದಾವಣಗೆರೆಗೆ ಎದುರಿಡಿ: ಆರು ಚಳ್ಳಕೆರೆಗೆ ಐದು ದಾವಣಗೆರೆ, 30 ಮಾತ್ರೆಗೊಮ್ಮೆ ಭೇಟಿ.

ಮಕ್ಕಳೇ ಕಟ್ಟುವ ಹೊತ್ತು ಬಂದಾಗ ಐದಾರು ಜನರ ಗುಂಪು ಮಾಡಿ 10 ನಿಮಿಷ ಕೊಡಿ. ಕಟ್ಟಳೆಗಳು: ಒಟ್ಟು 6 ಅಥವಾ 12 ಮಾತ್ರೆ, ಮೂರು ಸದ್ದು, ಕಡೇಪಕ್ಷ ಒಂದು ಹುಸಿ, ನಿಲ್ಲಿಸದೆ ನಾಲ್ಕು ಸಲ ಬಾರಿಸಲು ಬರಬೇಕು. ಆಮೇಲೆ ಹಾಳೆಗಳನ್ನು ಅದಲುಬದಲು ಮಾಡಿ. ಒಂದು ಗುಂಪು ಬರೆದದ್ದನ್ನು ಇನ್ನೊಂದು ಗುಂಪು ಕೇಳದೆಯೇ ಓದಿ ಬಾರಿಸಬೇಕು. ಬರವಣಿಗೆ ಸರಿಯಿಲ್ಲದಿದ್ದರೆ ಅಲ್ಲೇ ಬಯಲಾಗುತ್ತದೆ. ಸುಲಭವಾದದ್ದನ್ನು ಕಟ್ಟಿದ ಗುಂಪನ್ನು ಹಗುರ ಮಾಡಬೇಡಿ. ಮಕ್ಕಳು ಮೊದಲ ಸಲ ಎಲ್ಲ ಮನೆಗೂ ಪೆಟ್ಟು ತುಂಬುತ್ತಾರೆ, ಎರಡನೇ ಸಲಕ್ಕೆ ತಾವೇ ಅಳಿಸತೊಡಗುತ್ತಾರೆ. ಆ ಅಳಿಸುವಿಕೆಯನ್ನು ಎಲ್ಲರೆದುರು ಮೆಚ್ಚಿ.

ಮುಕ್ತಾಯ

ಸಂಗೀತ ಕಚೇರಿಯಲ್ಲಿ ಮೃದಂಗದವರು ಒಬ್ಬರೇ ಬಾರಿಸುವ ತನಿ ಆವರ್ತನ ಮುಗಿಯುವಾಗ ಒಂದೇ ಸೊಲ್ಲು ಮೂರು ಸಲ ಬಂದು ಸಮಕ್ಕೆ ಬೀಳುವುದನ್ನು ಕೇಳಿರುತ್ತೀರಿ. ಅದನ್ನೇ ಇಲ್ಲಿ ಮಾಡಿ. ಹರಿಹರ ಮೂರು ಸಲ 12 ಮಾತ್ರೆ. ನಡುವಿನ ಎರಡು ಸಂದಿಗೆ ಮೂರು-ಮೂರು ಹುಸಿ ಕೊಟ್ಟರೆ 18, ಸರಿಯಾಗಿ ಮೂರು ಆವರ್ತ:

ಹರಿಹರ – – – ಹರಿಹರ – – – ಹರಿಹರ | ಕಾಲು

ಗಮನಿಸಿ: ಮೊದಲ ಹರಿಹರ ಒಂದನೇ ಆವರ್ತದ ಒಂದನೇ ಮನೆಯಲ್ಲಿ, ಎರಡನೆಯದು ಎರಡನೇ ಆವರ್ತದ ಎರಡನೇ ಮನೆಯಲ್ಲಿ, ಮೂರನೆಯದು ಮೂರನೆಯದರ ಮೂರನೇ ಮನೆಯಲ್ಲಿ ಶುರುವಾಗುತ್ತದೆ. ಬೋರ್ಡಿನಲ್ಲಿ ಮೂರು ಸಾಲು ಬರೆದರೆ ಮೆಟ್ಟಿಲಿನಂತೆ ಕಾಣುತ್ತದೆ, ಮಕ್ಕಳು ಮರೆಯುವುದಿಲ್ಲ.

ಐದು ಮಾತ್ರೆಯ ಹೆಸರಿಗೆ ಈ ಲೆಕ್ಕ ಕೂರುವುದಿಲ್ಲ. 15ಕ್ಕೆ ಮೂರು ಸೇರಬೇಕು, ಎರಡು ಸಂದಿಗೆ ಸಮನಾಗಿ ಹಂಚಲಾಗದು. ಆಗ ಕೊನೆಯ ಅಕ್ಷರವನ್ನೇ ಸಮಕ್ಕೆ ಇಡಿ: ಚಳ್ಳಕೆರೆ – – ಚಳ್ಳಕೆರೆ – – ಚಳ್ಳಕೆರೆ. 5+2+5+2+5=19, ಹತ್ತೊಂಬತ್ತನೆಯದಾದ ‘ರೆ’ ನಾಲ್ಕನೇ ಆವರ್ತದ ಸಮ. ಮೊಳಕಾಲ್ಮೂರಿಗೂ ಎರಡು ಹುಸಿಯ ಸಂದಿಯೇ: 7+2+7+2+7=25, ಐದನೇ ಆವರ್ತದ ಸಮ.

ಮೂರು ನಿಮಿಷದ ಪ್ರದರ್ಶನ

ಸೆಕೆಂಡಿಗೆ ಎರಡು ಮಾತ್ರೆಯಂತೆ ಒಂದು ಆವರ್ತಕ್ಕೆ ಮೂರು ಸೆಕೆಂಡು. ನಾಲ್ಕು ಆವರ್ತ ಎಲ್ಲರೂ ಅಂಗೈ ಉಜ್ಜಲಿ. ದುರ್ಗದ ಗುಡ್ಡದ ಗಾಳಿಯಂತೆ ಕೇಳುತ್ತದೆ. ಎಂಟು ಆವರ್ತ ಚಿತ್ರದುರ್ಗ ಒಂದೇ, ಮೊದಲ ನಾಲ್ಕು ಬಾಯಲ್ಲಿ ಹೇಳುತ್ತ. ಎಂಟು ಆವರ್ತ ದಾವಣಗೆರೆ ಸೇರಿ. ಎಂಟು ಚಿಟಿಕೆ ಸೇರಿ. ನಾಲ್ಕು ಆವರ್ತ ಬರೀ ಪಿಸುಮಾತು, ಕೈಕಾಲು ಸ್ತಬ್ಧ. ಹನ್ನೆರಡು ಆವರ್ತ ಹರಿಹರ ಮತ್ತು ಚಿತ್ರದುರ್ಗ ಎದುರುಬದುರು. ಇನ್ನು ಹನ್ನೆರಡರಲ್ಲಿ ಆರು ಮಕ್ಕಳು ಒಬ್ಬೊಬ್ಬರಾಗಿ ತಾವು ಕಟ್ಟಿದ್ದನ್ನು ಒಂದು ಆವರ್ತ ಬಾರಿಸುವುದು, ಮುಂದಿನ ಆವರ್ತದಲ್ಲಿ ಎಲ್ಲರೂ ಅದನ್ನೇ ಮರಳಿ ಕೊಡುವುದು. ಮೂರು ಆವರ್ತ ಮುಕ್ತಾಯ. 59 ಆವರ್ತ, 177 ಸೆಕೆಂಡು, ಆಮೇಲೆ ಒಂದು ಕಾಲಿನ ಪೆಟ್ಟು.

ಪೆಟ್ಟಾದ ಮೇಲೆ ಎರಡು ಸೆಕೆಂಡು ಯಾರೂ ಅಲ್ಲಾಡಬಾರದು. ಇದನ್ನೂ ಬೇರೆಯಾಗಿ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ಕೊನೆಯ ಪೆಟ್ಟಿನ ಜೊತೆಗೇ ನಗು, ನೂಕಾಟ ಶುರುವಾಗಿ ಅದು ಕೇಳಿಸುವುದೇ ಇಲ್ಲ.

ವಾರ್ಷಿಕೋತ್ಸವದ ಪೆಂಡಾಲಿನಲ್ಲಿ ಎರಡು ಸಂಗತಿ ಕಾಟ ಕೊಡುತ್ತವೆ. ಒಂದು ಜಮಖಾನ: ಕಾಲಿನ ಸದ್ದನ್ನು ಪೂರ್ತಿ ಕುಡಿಯುತ್ತದೆ, ನಿಮ್ಮ ಸರದಿಗೆ ಮುಂಚೆ ಮಡಿಚಿಸಿ. ಜಮಖಾನದ ಕೆಳಗೆ ಹಲಗೆಯ ವೇದಿಕೆಯಿದ್ದರೆ ಇದಕ್ಕೆ ತದ್ವಿರುದ್ಧವಾದ ಕಷ್ಟ: ಹಲಗೆ ಗುಡುಗಿದಂತೆ ಗುಡುಗಿ ಚಿಟಿಕೆ ಮುಳುಗುತ್ತದೆ. ಆಗ ಕಾಲಿನ ಪೆಟ್ಟನ್ನು ಪಾದದ ಮುಂಭಾಗದಿಂದ ಮೆತ್ತಗೆ ಇಡಿಸಿ. ಹಿಂದಿನ ದಿನವೇ ಒಮ್ಮೆ ಆ ಹಲಗೆಯ ಮೇಲೆ ನಿಲ್ಲಿಸಿ ನೋಡಿ.

ಇನ್ನೊಂದು ಮೈಕು. ಭಾಷಣದ ಎತ್ತರದಲ್ಲಿರುವ ಒಂದೇ ಮೈಕು ಮುಂದಿನ ಸಾಲಿನ ಮೂವರ ಚಪ್ಪಾಳೆಯನ್ನು ಮಾತ್ರ ಹಿಡಿಯುತ್ತದೆ. ಎರಡು ಸ್ಟ್ಯಾಂಡ್ ಕೇಳಿ: ಒಂದು ನೆಲದಿಂದ ಒಂದಡಿ ಎತ್ತರಕ್ಕೆ, ಕಾಲುಗಳ ಕಡೆ ಮುಖಮಾಡಿ, ಇನ್ನೊಂದು ಚಿಟಿಕೆ ಗುಂಪಿನ ಎದುರು, ನಾಲ್ಕೈದು ಅಡಿ ದೂರದಲ್ಲಿ. ಮೈಕ್‌ಸೆಟ್‌ನವರಿಗೆ ಎಕೋ ಪೂರ್ತಿ ತೆಗೆಯಲು ಹೇಳಿ. ಹಾಡಿಗೆ ಹಾಕಿಟ್ಟ ಎಕೋ ಹಾಗೇ ಉಳಿದರೆ ಪ್ರತಿ ಚಪ್ಪಾಳೆಯೂ ಎರಡೆರಡಾಗಿ ಕೇಳಿ, ಹುಸಿ ಇದ್ದ ಮನೆಗಳೆಲ್ಲ ತುಂಬಿಹೋಗುತ್ತವೆ.

ನಡುವೆ ಒಂದು ಗುಂಪು ಜಾರಿದರೆ ನೀವು ಕೈ ಬೀಸಿ ನಿಲ್ಲಿಸಬೇಡಿ. ಜಾರಿದವರು ತಾವಾಗಿ ಬಾರಿಸುವುದು ಬಿಟ್ಟು, ತಲೆಯಾಡಿಸುತ್ತ ಮುಂದಿನ ಸಮ ಕಾಯಬೇಕು, ಕಾಲು ಬಿದ್ದ ಕೂಡಲೇ ತಮ್ಮ ಹೆಸರಿನಿಂದ ಒಳಬರಬೇಕು. ಇದಕ್ಕೆ ಅಭ್ಯಾಸದ ಕೊನೆಯ ಎರಡು ದಿನ ಬೇಕೆಂದೇ ಒಂದೊಂದು ಗುಂಪಿನ ಹೆಗಲು ಮುಟ್ಟಿ ನಿಲ್ಲಿಸಿ, ಮೂರು ಆವರ್ತದೊಳಗೆ ಅವರೇ ಮರಳಿ ಸೇರಿಕೊಳ್ಳುವಂತೆ ಮಾಡಿಸಿ.